ನಾನು ತೊಳೆದ ಮಡಕೆ

ಹೋದ ತಿಂಗಳು ನಾನೊಂದು ಮಡಕೆ ತೊಳೆದೆ.

ಅದಕ್ಕೇನಂತೆ, ಎನ್ನುತ್ತೀರಿ. ಮನೆಯಲ್ಲಿ ಒಂದು ಲೋಟ ತೊಳೆಯದ ಮನುಷ್ಯ (ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ) ಮಡಕೆ ತೊಳೆದನೆಂದರೆ ಮೆಚ್ಚಬೇಕಾದ್ದೇ. ಆದರೆ ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆಯ ಈ ನನ್ನ ಅಂಕಣ ಓದುವವರು ಯಾರಾದರೂ "ಏನ್ ಮೇಷ್ಟ್ರೇ, ಈ ವಾರ ಯಾರ್ ಮೇಲೆ ಚಾಟಿ?" ಎಂದು ಕೇಳಿದರೆ ಮುಖ ಎತ್ತಲಾಗುತ್ತಿಲ್ಲ. ಈ ವಾರ ಚಾಟಿ ನನ್ನ ಮೇಲೆ.

ನಡೆದದ್ದು ಇಷ್ಟು. ಚಂದಕವಾಡಿ ಹತ್ತಿರ ಊರವರು ಪಾಂಡವರ ಮನೆ ಎನ್ನುವ ಕಲ್ಲುಗಳಿವೆ. ಅಲ್ಲಿ ಹಳೇ ಕಾಲದವರ ಸಮಾಧಿ ಅಗೆಯಲು ಒಬ್ಬ ಸಾಹೇಬರು ಬಂದರು. ಉತ್ತರದ ಕಡೆಯವರು, ಕನ್ನಡ ಬಾರದು. ನನ್ನ ಸ್ಕೂಲಿಗೆ ರಜ. ಇಂಗ್ಲಿಷ್ ಬರುತ್ತದೆಂಬ ಜಂಬ ಬೇರೆ. ದುಭಾಷಿಯಾಗಿ ಹೋಗಿ ನಿಂತೆ.

ನಿಧಿ ಸಿಗುತ್ತದೆ ಅಂದುಕೊಂಡಿದ್ದೆ. (ನೀವೂ ಅಷ್ಟೇ, ಸುಳ್ಳು ಹೇಳಬೇಡಿ.) ಹೋಗಿ ನೋಡಿದರೆ ಇವರಿಗೆ ಮಣ್ಣೇ ನಿಧಿ! ಗೂಟ ನೆಟ್ಟು, ದಾರ ಕಟ್ಟಿ, ನೆಲವನ್ನು ಚೌಕಚೌಕ ಮಾಡಿದರು. ಗುದ್ದಲಿ ಬದಲು ಸಣ್ಣ ಕರಣೆ, ಆಮೇಲೆ ಬ್ರಷ್ಷು. ಗೇಣು ಮಣ್ಣು ತೆಗೆಯಲು ಒಂದು ದಿನ. ಮಡಕೆಯ ಒಂದು ಚೂರು ಸಿಕ್ಕರೂ ಎಷ್ಟು ಆಳದಲ್ಲಿತ್ತು, ಯಾವ ಬಣ್ಣದ ಮಣ್ಣಿನಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಎಲ್ಲ ಬರೆದು ಲೇಬಲ್ ಕಟ್ಟಬೇಕು. "ವಸ್ತು ದೊಡ್ಡದಲ್ಲ, ಅದು ಎಲ್ಲಿ, ಹೇಗೆ ಕೂತಿತ್ತು ಅನ್ನೋದೇ ದೊಡ್ಡದು. ಇದ್ದಲ್ಲಿಂದ ಅಲ್ಲಾಡಿಸಬೇಡಿ" ಎಂದು ಸಾಹೇಬರು ಹತ್ತು ಸಲ ಹೇಳಿದರು. ಹತ್ತು ಸಲವೂ ನಾನೇ ಅದನ್ನು ಕೂಲಿಯವರಿಗೆ ಕನ್ನಡದಲ್ಲಿ ಹೇಳಿದೆ.

ಕಿವಿಗೊಟ್ಟು ಕೇಳಿದವಳು ಚಂದಕವಾಡಿಯ ಸಿದ್ದಮ್ಮ. ಅಗೆದ ಮಣ್ಣನ್ನು ಜರಡಿ ಹಿಡಿಯುವ ಕೆಲಸ ಆಕೆಯದು. ಒಂದು ಮಧ್ಯಾಹ್ನ ಹಿಡಿ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, "ಇಲ್ಲಿಂದ ಮಣ್ ಬ್ಯಾರೆ ಅದೆ ಬುದ್ದಿ, ಮೆತ್ಗದೆ" ಅಂದಳು. ಅಲ್ಲೇ ಕೆರೆದರೆ ಮಡಕೆಯ ಬಾಯಿ ಕಂಡಿತು. ಎರಡು ದಿನ ಸುತ್ತಲ ಮಣ್ಣು ಬಿಡಿಸಿದರೆ ಕಪ್ಪು ಕೆಂಪು ಮಡಕೆ, ಒಂದು ಬಿರುಕಿಲ್ಲ. ಸಾಹೇಬರು ಕುಣಿಯುವುದೊಂದು ಬಾಕಿ.

ಮಾರನೆಯ ಬೆಳಿಗ್ಗೆ ಮೈಸೂರಿನ ರೈಲಿಗೆ ಬರುವ ಫೋಟೋದವರನ್ನು ಕರೆತರಲು ಅವರು ಚಾಮರಾಜನಗರಕ್ಕೆ ಹೋದರು. ಉಳಿದ ಆಳುಗಳಿಗೆ ರಜ. ಮಡಕೆ ಕಾಯಲು ನಾನು ಮತ್ತು ಸಿದ್ದಮ್ಮ.

ಕೂತು ನೋಡಿದೆ. ಮಡಕೆಯ ಮೈಯೆಲ್ಲ ಮಣ್ಣು, ಬಾಯಿ ತುಂಬ ಮಣ್ಣು. ಛೆ, ಅಷ್ಟು ದೂರದಿಂದ ಫೋಟೋ ತೆಗೆಯೋಕೆ ಬರ್ತಿದ್ದಾರೆ, ನಮ್ಮ ಸೀಮೆಯ ಮಡಕೆ ಹೀಗಾ ಕಾಣೋದು? ನೆಂಟರು ಬರುತ್ತಾರೆಂದರೆ ನಾವು ಮೊದಲು ಪಾತ್ರೆ ಬೆಳಗುತ್ತೇವೋ ಇಲ್ಲವೋ? ಎರಡೂ ಕೈ ಹಾಕಿ ಮಡಕೆಯನ್ನು ಮೇಲೆತ್ತಿದೆ.

"ಯಾಕ್ ಬುದ್ದಿ ಎತ್ತೀರಿ? ಸಾಯೇಬ್ರು ಮುಟ್ಬ್ಯಾಡಿ ಅಂದವ್ರೆ" ಅಂದಳು ಸಿದ್ದಮ್ಮ.

"ನಿಂಗೇನ್ ಗೊತ್ತಾಗುತ್ತೆ, ಸುಮ್ನಿರಮ್ಮ" ಅಂದೆ. ಒಳಗಿನ ಮಣ್ಣನ್ನು ಪಕ್ಕದಲ್ಲಿ ಕೆಸರಾಗಿ ಹರಿಯುತ್ತಿದ್ದ ಹಳ್ಳಕ್ಕೆ ಸುರಿದೆ. ಆಕೆ ಕುಡಿಯಲು ಹೊತ್ತು ತಂದಿದ್ದ ಕೊಡದ ನೀರನ್ನೇ ಸುರಿದು, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಇದ್ದ ಜಾಗದಲ್ಲೇ ಇಟ್ಟೆ. ಫಳಫಳ!

ಸಾಹೇಬರು ಬಂದರು. ಬಗ್ಗಿ ನೋಡಿದರು. ಮಡಕೆಯೊಳಗೆ ಕೈಯಾಡಿಸಿದರು. ಒಳಗಿದ್ದ ಮಣ್ಣೇ ಬೇಕಿತ್ತು ಎಂದರು. ಆ ಮಣ್ಣಿನಲ್ಲಿ ಸುಟ್ಟ ಕಾಳಿದ್ದಿದ್ದರೆ ಅಂದಿನ ಜನ ಏನು ಉಣ್ಣುತ್ತಿದ್ದರೆಂದು ತಿಳಿಯುತ್ತಿತ್ತು. ಮೂಳೆಯ ಚೂರಿದ್ದಿದ್ದರೆ ಹೂಳಿದ್ದು ಮಗುವನ್ನೋ ಮುದುಕರನ್ನೋ ತಿಳಿಯುತ್ತಿತ್ತು. ಎಲ್ಲ ಹಳ್ಳ ಸೇರಿತ್ತು.

"ಯಾರು ಮಾಡಿದ್ದು?"

ಅವರ ಕಣ್ಣು ಸಿದ್ದಮ್ಮನ ಖಾಲಿ ಕೊಡದ ಮೇಲೆ ಬಿತ್ತು. ಆಕೆ ಗಾಬರಿಯಾಗಿ, "ನಾನಲ್ಲ ಕಣ ಬುದ್ದಿ, ಈ ಮೇಷ್ಟ್ರು ತೊಳ್ದವ್ರೆ, ಕೇಳಿ" ಅಂದಳು.

"ಏನಂತಾಳೆ?" ಎಂದು ಸಾಹೇಬರು ನನ್ನನ್ನು ಕೇಳಿದರು.

ಓದುಗರೇ, ನಾನು ಇಂಗ್ಲಿಷ್‌ನಲ್ಲಿ ಹೇಳಿದ್ದು ಇದು: "ಗೊತ್ತಾಗಲಿಲ್ಲ, ತಪ್ಪಾಯಿತು ಅಂತಾಳೆ ಸಾರ್."

ಥೂ!

ಸಾಹೇಬರು ನೋಟ್‌ಬುಕ್ ತೆಗೆದು ಹೆಸರು ಕೇಳಿದರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದವನೂ ನಾನೇ. ನಾಳೆಯಿಂದ ಬರಬೇಡ ಎಂದದ್ದನ್ನು ಆಕೆಗೆ ಕನ್ನಡದಲ್ಲಿ ಮುಟ್ಟಿಸಿದವನೂ ನಾನೇ. ಆ ಒಂದು ಅನುವಾದವನ್ನು ಮಾತ್ರ ತಪ್ಪಿಲ್ಲದೆ ಮಾಡಿದೆ. ಆಕೆ ನನ್ನನ್ನೊಮ್ಮೆ ನೋಡಿ, ಕೊಡ ಎತ್ತಿಕೊಂಡು ಹೊರಟುಹೋದಳು.

ಅಲ್ಲಿ ಹೂತವರಲ್ಲಿ ಒಬ್ಬರ ಹೆಸರೂ ನಮಗೆ ಸಿಗಲಿಲ್ಲ. ಆ ನೋಟ್‌ಬುಕ್ಕಿಗೆ ಸೇರಿದ ನಮ್ಮ ಸೀಮೆಯ ಹೆಸರು ಸಿದ್ದಮ್ಮನದೊಂದೇ, ಅದೂ ತಪ್ಪಿತಸ್ಥಳೆಂದು. ನೂರು ವರ್ಷ ಕಳೆದು ಯಾರಾದರೂ ಅದನ್ನು ತೆರೆದರೆ ನಂಬದೆ ಇನ್ನೇನು ಮಾಡುತ್ತಾರೆ? ಸಾಕ್ಷಿ ಹುಡುಕಲು ಬಂದವರ ಕೈಗೆ ಸುಳ್ಳು ಸಾಕ್ಷಿ ಕೊಟ್ಟೆನಲ್ಲ ಎಂದು ನೆನೆದರೆ ಮೈ ಉರಿಯುತ್ತದೆ.

ಹೋದ ಭಾನುವಾರ ತಡೆಯಲಾರದೆ ಚಂದಕವಾಡಿಗೆ ಹೋದೆ. ಸಿದ್ದಮ್ಮ ಜಗುಲಿಯಲ್ಲಿ ರಾಗಿ ಕೇರುತ್ತಿದ್ದಳು. "ನಂದೇ ತಪ್ಪು ಸಿದ್ದಮ್ಮ" ಅಂದೆ. ಮೊರ ನಿಲ್ಲಿಸಲಿಲ್ಲ.

"ನಂಗ್ ಯೋಳಿ ಏನ್ ಬಂತು ಬುದ್ದಿ? ನಾನ್ ತೊಳೀನಿಲ್ಲ ಅಂತ ನಂಗ್ ಗೊತ್ತಿಲ್ವಾ? ಕೆಲ್ಸ ಕೆಡ್ಸೋಳು ಅಂತ ಎಸ್ರಾಗೋಯ್ತು, ಈಗ ಕೆರೆ ಕೆಲ್ಸಕ್ಕೂ ಕರೀತಿಲ್ಲ. ಓಗಿ ಸಾಯೇಬ್ರಿಗ್ ಯೋಳಿ."

ಹೇಳ್ತೀನಿ ಅಂದೆ. ಸಾಹೇಬರ ಟೆಂಟು ಅಲ್ಲಿಂದ ಅರ್ಧ ಮೈಲಿಯೂ ಇಲ್ಲ, ಜಗುಲಿಯಿಂದಲೇ ಕಾಣುತ್ತಿತ್ತು. ನಾನು ಅತ್ತ ತಿರುಗಲಿಲ್ಲ. ಬಸ್ ಹತ್ತಿ ಮನೆಗೆ ಬಂದು, ಕಾಫಿ ಕುಡಿದು, ಇದನ್ನು ಬರೆಯಲು ಕೂತೆ.

ಒಬ್ಬರಿಗೆ ಇಂಗ್ಲಿಷ್‌ನಲ್ಲಿ ಹೇಳಬೇಕಾದ ಒಂದೇ ಒಂದು ವಾಕ್ಯವನ್ನು, ಅವರಿಗೆ ಬಾರದ ಕನ್ನಡದಲ್ಲಿ ನಿಮಗೆಲ್ಲ ಇಷ್ಟುದ್ದ ಹೇಳುವವನನ್ನು ನೀವು ಏನೆಂದು ಕರೆಯುತ್ತೀರಿ?