ಇಂಚಾನ್‌ಗೆ ಇಪ್ಪತ್ತೆಂಟೂವರೆ ಗಂಟೆ

ಒಕ್‌ಬುನ್ ಇಂಚಾನ್‌ನ ವಿಮಾನ ಟಿಕೆಟ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದಳು. ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಹೇಳಿದರೂ ನಡುವಿನ ದೂರ, ಹಾರಾಟದ ಹೊತ್ತು ಬಾಯಲ್ಲೇ ಇರುತ್ತಿತ್ತು. ಪಕ್ಕದ ಮೇಜಿನ ನಾನು ಎಷ್ಟೋ ಸಲ ಪುಸ್ತಕ ತೆಗೆದು ತಾಳೆ ನೋಡಿದ್ದೇನೆ. “ಪರೀಕ್ಷೆ ಮುಗೀತಾ ಮೇಷ್ಟ್ರೇ, ಪಾಸಾ?” ಎನ್ನುತ್ತಿದ್ದಳು.

ಅವಳ ತಂಗಿ ಮಿರಾನ್ ಬ್ರೆಜಿಲ್‌ನ ಸಾವ್ ಪೌಲೊದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಳು. ಅಮ್ಮನನ್ನು ನೋಡಿ ಹನ್ನೊಂದು ವರ್ಷವಾಗಿತ್ತು.

ಒಂದು ಮಂಗಳವಾರ ರಾತ್ರಿ ಹನ್ನೊಂದು ನಲವತ್ತಕ್ಕೆ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲೇ ಕೆಳಗೆ, ಅಂತ್ಯಕ್ರಿಯೆವರೆಗೆ ಶವ ಇಡುವ ಶೋಕಗೃಹದಲ್ಲಿ ಹೆಸರು ಬರೆಸುವಷ್ಟರಲ್ಲಿ ಬುಧವಾರ ಹುಟ್ಟಿತ್ತು. ಒಕ್‌ಬುನ್ ಅಲ್ಲಿಂದಲೇ ಫೋನ್ ಮಾಡಿದಳು. ನಮ್ಮಲ್ಲಿ ಸಾವಿಗೆ ಮೂರು ದಿನ. ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಬಟ್ಟೆ ತೊಡಿಸಿ, ಮುಖ ಮುಚ್ಚಿ ಪೆಟ್ಟಿಗೆಗೆ ಇಳಿಸುತ್ತಾರೆ. ಆಮೇಲೆ ಮುಖ ಕಾಣುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ದಹನ.

“ಇಲ್ಲಿ ಮಧ್ಯರಾತ್ರಿ, ಅಲ್ಲಿನ್ನೂ ಮಂಗಳವಾರ ಮಧ್ಯಾಹ್ನ. ಇವತ್ತು ಸಂಜೆ ಎಂಟರ ವಿಮಾನ ಹತ್ತು. ಲಾಸ್ ಏಂಜಲೀಸ್‌ನಲ್ಲಿ ಇಳಿದು ಬದಲಾಯಿಸು. ಒಟ್ಟು ಇಪ್ಪತ್ತೆಂಟೂವರೆ ಗಂಟೆ. ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಇಲ್ಲಿರ್ತೀಯ, ಮುಖ ಸಿಗುತ್ತೆ ಕಣೇ,” ಎಂದಳು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಪ್ಪ ದೊಕ್‌ಸು ರೈಲಿಳಿದು ಬಂದರು. ಬಂದವರೇ ಕೇಳಿದರು, “ಮೂರು ಗಂಟೆಗೆ ಬಟ್ಟೆ ಸಿದ್ಧ ಇದೆಯಾ?”

“ಅದು ನಾಳೆ ಅಲ್ವಾ ಚಿಕ್ಕಪ್ಪ?”

“ನಾಳೆ ಬೆಳಿಗ್ಗೆ ಏಳಕ್ಕೆ ಹೊರಡೋದು. ಮಂಗಳವಾರಾನೇ ಮೊದಲನೇ ದಿನ.”

“ಇಪ್ಪತ್ತೇ ನಿಮಿಷ ಇತ್ತು!”

“ಇಪ್ಪತ್ತು ನಿಮಿಷ ಆದ್ರೂ ದಿನ ದಿನಾನೇ. ಊರಿಗೆಲ್ಲ ಹೊತ್ತು ಹೇಳೋಳು, ಮನೆ ಸಾವು ಎಣಿಸೋಕೆ ಬರಲ್ವೇನೇ?”

ಕಚೇರಿಯಲ್ಲಿ ಪ್ರಯಾಣ ಶುರುವಾಗುವುದು ವಿಮಾನ ಹೊರಟಾಗ, ಪ್ರಯಾಣಿಕ ಮನೆ ಬಿಟ್ಟಾಗಲ್ಲ. ಅದೇ ರೂಢಿಯಲ್ಲಿ ಅವಳು ಶೋಕಗೃಹದ ಗಡಿಯಾರದಿಂದ, ಬುಧವಾರವೇ ಮೊದಲ ದಿನವೆಂದು ಎಣಿಸಿದ್ದಳು. ಮಿರಾನ್ ಆಗಲೇ ಒಂದು ಗಂಟೆಯಿಂದ ಆಕಾಶದಲ್ಲಿದ್ದಳು.

“ಒಂದು ದಿನ ಮುಂದೆ ಹಾಕಿ ಚಿಕ್ಕಪ್ಪ, ಕಾಲಿಗೆ ಬೀಳ್ತೀನಿ.”

“ನಾಲ್ಕು ದಿನ ಯಾರಾದ್ರೂ ಇಡ್ತಾರಾ? ಬೆಸ ಸಂಖ್ಯೆನೇ ಆಗ್ಬೇಕು. ಐದು ಮಾಡೋಣ ಅಂದ್ರೆ ಶುಕ್ರವಾರದಿಂದ ಈ ಕೋಣೆ ಬೇರೆಯವರದ್ದು. ಕೇಳ್ಕೊಂಡೇ ಬಂದೆ ಮಗಳೇ.” ಅವರ ದನಿ ಇಳಿದಿತ್ತು.

ಮೂರಕ್ಕೆ ಮುಖ ಮುಚ್ಚಿದರು. ಒಕ್‌ಬುನ್ ಇಬ್ಬರ ಪಾಲಿನದ್ದನ್ನೂ ನೋಡುವವಳಂತೆ ನಿಂತಿದ್ದಳು. ನಾನು ಅವಳ ಹಿಂದೆಯೇ ಇದ್ದೆ.

ಸಂಜೆ ಕಳೆದು ಎಂಟೂವರೆಗೆ, ಬಂದವರಿಗೆ ಖಾರದ ಸಾರು ಬಡಿಸುತ್ತಿದ್ದಾಗ, ಅವಳ ಫೋನ್ ರಿಂಗಾಯಿತು. ಲಾಸ್ ಏಂಜಲೀಸ್‌ನ ನಿಲ್ದಾಣದಿಂದ ಮಿರಾನ್.

“ಅಕ್ಕಾ, ಇನ್ನು ಹದಿಮೂರು ಗಂಟೆ ಹಾರಾಟ ಅಷ್ಟೇ. ನಾನು ಬರೋವರೆಗೂ ಮುಖ ಮುಚ್ಚಬೇಡಿ ಅಂತ ಹೇಳು.”

ಒಕ್‌ಬುನ್ ಸೌಟು ಕೆಳಗಿಟ್ಟಳು. “ಮುಚ್ಚಾಯ್ತು ಮಿರಾನ್. ನಾನು ದಿನ ತಪ್ಪು ಎಣಿಸಿದೆ. ನೀನು ಇಳಿಯೋ ಹೊತ್ತಿಗೆ ಬೂದಿನೂ ಆಗಿರುತ್ತೆ.”



“ಹಾಗಾದ್ರೆ ನಾನು ಎಲ್ಲಿಗೆ ಬರ್ಲಿ?” ಎಂದಳು ಮಿರಾನ್. “ಇಲ್ಲಿಂದ ಯಾವುದು ಹತ್ತಿರ ಅಕ್ಕಾ, ಅದಾ, ಇದಾ?”

ಅತ್ತ ಸಾವ್ ಪೌಲೊಗೆ ಒಂಬತ್ತು ಸಾವಿರದ ಒಂಬೈನೂರು ಕಿಲೋಮೀಟರ್, ಇತ್ತ ಇಂಚಾನ್‌ಗೆ ಒಂಬತ್ತು ಸಾವಿರದ ಆರುನೂರು. ಒಕ್‌ಬುನ್‌ಗೆ ಯೋಚಿಸಬೇಕಾಗಲಿಲ್ಲ.

“ಇದೇ,” ಎಂದಳು. “ಮುನ್ನೂರು ಕಿಲೋಮೀಟರ್ ಕಮ್ಮಿ. ಗಾಳಿ ಎದುರಿಗಿರುತ್ತೆ, ಹೊತ್ತು ಮಾತ್ರ ಜಾಸ್ತಿ.”