ಒಕ್ಕಣೆಯಣ್ಣನ ಹನ್ನೊಂದು ಕಾಗದ

ಮದುವೆಯ ಕರೆಯೋಲೆ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಅಚ್ಚುಕೂಟದ ಬೆಂಚಿನ ಮೇಲೆ ಹುಡುಗಿಯ ತಂದೆ ಮಾತಿಗೆ ತಡವರಿಸುತ್ತ ಕೂತಿದ್ದರೆ, ಅವರ ಮನಸ್ಸಿನಲ್ಲಿದ್ದದ್ದನ್ನು ನಾಲ್ಕು ಸಾಲಿಗೆ ಇಳಿಸಿಬಿಡುತ್ತಿದ್ದ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ, ಊರವರ ಬಾಯಲ್ಲಿ ಒಕ್ಕಣೆಯಣ್ಣ ಆಗಿಹೋದ. ಜನ ಕರೆಯೋಲೆಯನ್ನು ಫೋನಿನಲ್ಲೇ ಕಳಿಸಲು ಶುರುಮಾಡಿದ ಮೇಲೆ ಅಚ್ಚುಕೂಟ ಬಾಗಿಲು ಹಾಕಿತು.

ಎದುರುಸಾಲಿನಲ್ಲಿ ಮದುವೆ ಬಟ್ಟೆ ಹೊಲಿಯುವ ಅಕ್ಕ ಅವನನ್ನು ಕರೆದು ಒಂದು ಪುಸ್ತಕ ಕೈಗಿಟ್ಟಳು.

"ವಿಚಾರಿಸಿ ಹೋದವರ ಇಮೇಲ್ ಎಲ್ಲ ಇದರಲ್ಲಿದೆ. ಅವರೇ ಬರೆದುಕೊಟ್ಟಿದ್ದು. ಆಗಾಗ ಒಂದೊಂದು ಕಾಗದ ಹಾಕ್ತೀರಾ? ನನಗೆ ಸೂಜಿ ಬರುತ್ತೆ, ಮಾತು ಬರಲ್ಲ."

ತಂಗಿಯ ಮಗಳು ಒಂದು ವಾರ ಪಕ್ಕದಲ್ಲಿ ಕೂತು ಕಂಪ್ಯೂಟರ್ ಕಲಿಸಿದಳು. ಅವನ ಕಾಗದಗಳು ಜಾಹೀರಾತಿನಂತೆ ಇರಲಿಲ್ಲ. ಅಳತೆ ಕೊಡುವ ದಿನ ಯಾವ ಚಪ್ಪಲಿ ಹಾಕಿಕೊಂಡು ಬರಬೇಕು, ಕುಣಿಯುವವರಿಗೆ ತೋಳು ಎಷ್ಟು ಸಡಿಲ ಬೇಕು, ಇಂಥವು. ನೂರು ಜನರಲ್ಲಿ ನಲವತ್ತು ಮಂದಿ ತೆರೆದು ಓದುತ್ತಿದ್ದರು. ಎಷ್ಟು ಮಂದಿ ಓದಿದರೆಂದು ಪರದೆಯೇ ಹೇಳುತ್ತಿತ್ತು. ಅಕ್ಕ ಇನ್ನಿಬ್ಬರು ಹೊಲಿಗೆಯವರನ್ನು ಇಟ್ಟುಕೊಂಡಳು. ಮಂಟಪಕ್ಕೆ ಹೂವಿನ ಅಲಂಕಾರ ಮಾಡುವಾಕೆಯೂ ಇವನನ್ನು ಹುಡುಕಿಕೊಂಡು ಬಂದಳು. ಇಬ್ಬರ ಕಾಗದವೂ ಅವನ ಒಂದೇ ವಿಳಾಸದಿಂದ ಹೋಗುತ್ತಿತ್ತು.

ಹೂವಿನಾಕೆಗೆ ಎಲ್ಲದರಲ್ಲೂ ಅವಸರ. ಒಂದು ದಿನ ಎಲ್ಲಿಂದಲೋ ನಲವತ್ತು ಸಾವಿರ ವಿಳಾಸಗಳ ಪಟ್ಟಿ ತಂದಳು.

"ಇವರು ಯಾರೂ ನಮ್ಮನ್ನು ಕೇಳಿದವರಲ್ಲ" ಎಂದ ಅವನು. "ಕೇಳದವರಿಗೆ ಕಳಿಸಬಾರದು ಅಮ್ಮ."

"ಕಳಿಸೋದಕ್ಕೇನು ಕೈ ಸವೆಯುತ್ತಾ? ಒತ್ತಿಬಿಡಿ. ಇಲ್ಲಾಂದ್ರೆ ಒತ್ತುವವರು ಬೇರೆ ಇದ್ದಾರೆ."

ಅವನು ಮೂರು ದಿನ ಮೀನಮೇಷ ಎಣಿಸಿದ. ನಾಲ್ಕನೆಯ ದಿನ ಒತ್ತಿದ.

ಆಮೇಲೆ ಅಕ್ಕನ ಕಾಗದ ಓದುವವರೂ ನೂರಕ್ಕೆ ಇಬ್ಬರಾದರು, ಕೆಲವು ವಾರ ಒಬ್ಬರೂ ಇಲ್ಲ. ತನ್ನ ಬರವಣಿಗೆಯೇ ಸಪ್ಪೆಯಾಯಿತೆಂದುಕೊಂಡ. ತಲೆಬರಹ ತಿದ್ದಿದ, ಉದ್ದದ್ದನ್ನು ಕತ್ತರಿಸಿದ, ಬೆಳಗಿನಿಂದ ಊಟದ ಹೊತ್ತಿನವರೆಗೆ ಒಂದೇ ಸಾಲಿಗೆ ಗಂಟುಬಿದ್ದ. "ಮೊದಲಿನ ಹಾಗೆ ಬರೀರಿ" ಎಂದಳು ಹೆಂಡತಿ. ಮೊದಲು ಹೇಗೆ ಬರೆಯುತ್ತಿದ್ದನೆಂಬುದೇ ಅವನಿಗೆ ಮರೆತಿತ್ತು.

ಆ ನಡುವೆ ತಂಗಿಯ ಮಗಳ ಮದುವೆ ಗೊತ್ತಾಯಿತು. ಸಂಬಂಧ ಹಿಡಿದು ವ್ಯಾಪಾರ ಕೇಳಬಾರದೆಂಬುದು ಅವನ ಹಟ. ಬಾಯಿಬಿಟ್ಟು ಹೇಳದೆ, ಅವಳ ಹೆಸರನ್ನು ಅಕ್ಕನ ಪಟ್ಟಿಗೆ ಸೇರಿಸಿ, ಕಾಗದಗಳನ್ನು ಅವಳೊಬ್ಬಳೇ ಓದುತ್ತಾಳೆ ಎಂಬಂತೆ ಬರೆದ. ಮದುವೆಗೆ ಹತ್ತು ದಿನವಿದ್ದಾಗ ತಂಗಿಯ ಮನೆಗೆ ಹೋದರೆ, ಬೇರೆ ಅಂಗಡಿಯ ಬಟ್ಟೆ ಬಾಗಿಲ ಹಿಂದೆ ನೇತಾಡುತ್ತಿತ್ತು.

"ಒಂದು ಮಾತು ಹೇಳಬಾರದಿತ್ತೇನಮ್ಮ? ನನ್ನ ಕಾಗದ ಅಷ್ಟು ಬೇಜಾರಾಯ್ತಾ?"

"ಯಾವ ಕಾಗದ ಮಾವ? ನೀವು ಆ ಕೆಲಸ ಬಿಟ್ರಿ ಅಂದುಕೊಂಡಿದ್ದೆ."

ಅವಳು ಫೋನ್ ತೆಗೆದು ಹುಡುಕಿದಳು. ಸ್ಪ್ಯಾಮ್ ಎಂಬ ಕಸದ ಮೂಲೆಯಲ್ಲಿ, ಲಾಟರಿಯವರ, ಬೊಕ್ಕತಲೆಗೆ ಕೂದಲು ಬರಿಸುವವರ ನಡುವೆ, ಅವನ ಹನ್ನೊಂದು ಕಾಗದ ಸಾಲಾಗಿದ್ದವು. ಒಂದೂ ತೆರೆದಿರಲಿಲ್ಲ.

"ಬೇಡದವರಿಗೆ ತುಂಬಾ ಕಳಿಸಿದ್ರಾ ಮಾವ? ಅವರೆಲ್ಲ ದೂರು ಒತ್ತಿದರೆ ಆ ವಿಳಾಸದಿಂದ ಬಂದದ್ದೆಲ್ಲ ಇಲ್ಲಿಗೇ ಬೀಳುತ್ತೆ" ಎಂದಳು ಮೆಲ್ಲಗೆ.

ಅವನು ತಂಗಿ ತಂದ ಕಾಫಿ ಮುಟ್ಟದೆ ಎದ್ದ.

ಅಕ್ಕನ ಅಂಗಡಿಯಲ್ಲಿ ಒಂದೇ ಯಂತ್ರ ಉಳಿದಿತ್ತು. ಹೊಲಿಗೆಯವರು ಹೋಗಿ ಆಗಲೇ ತಿಂಗಳಾಗಿತ್ತು. ಅವಳು ಹೊಸ ಕನ್ನಡಕ ಹಾಕಿಕೊಂಡು, ಹೊಲಿದಿಟ್ಟ ಬಟ್ಟೆಯೊಂದರ ಅಂಚನ್ನು ಬಿಚ್ಚುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ. ಪಟ್ಟಿ ತಂದವಳು ಹೂವಿನಾಕೆ, ಒತ್ತಿದವನು ತಾನು, ಎಂದ.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟಳು.

"ನನ್ನ ಕೈಗೇ ಏನೋ ಆಗಿದೆ ಅಂದುಕೊಂಡಿದ್ದೆ" ಎಂದಳು. "ಕಣ್ಣು ತೋರಿಸಿಕೊಂಡು ಬಂದೆ. ಹೊಲಿದದ್ದನ್ನೆಲ್ಲ ಬಿಚ್ಚಿ ಬಿಚ್ಚಿ ನೋಡಿದೆ, ಎಲ್ಲಿ ತಪ್ಪಿದ್ದೀನಿ ಅಂತ. ಆ ಹೊಲಿಗೆ ಹುಡುಗಿಯರಿಬ್ಬರಿಗೂ 'ನಿಮ್ಮ ಕೆಲಸ ಸರಿಯಿಲ್ಲ' ಅಂತ ಬೈದು ಕಳಿಸಿದೆ."

"ಹೊಸ ವಿಳಾಸ ಮಾಡ್ತೀನಿ ಅಕ್ಕ. ಮೊದಲಿಂದ—"

"ಬೇಡ. ತಿಂಗಳ ಕೊನೆಗೆ ಅಂಗಡಿ ಬಿಡ್ತಿದ್ದೀನಿ. ಮಾತಾಗಿಹೋಗಿದೆ."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅಂಚು ಬಿಚ್ಚುವುದನ್ನು ಮುಂದುವರಿಸಿದಳು, ಇನ್ನು ಅದರ ಅಗತ್ಯವಿಲ್ಲದಿದ್ದರೂ.

ತನ್ನ ಕಾಗದಗಳನ್ನು ಇಮೇಲಾಗಿ ಸಾಗಿಸುತ್ತಿದ್ದ ಕಂಪನಿಗೆ ಅವನು ಉದ್ದದ ಕ್ಷಮಾಪಣೆಯ ಪತ್ರ ಬರೆದ. ಯಂತ್ರ ಉತ್ತರಿಸಿತು: ನಿಮ್ಮ ಪತ್ರ ತಲುಪಿದೆ. ಅಷ್ಟೇ.

ಈಗ ಅವನು ಕೊರಿಯರ್ ಕಚೇರಿಯೊಂದರಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಾನೆ. ಅಕ್ಕ ಮಗನ ಊರಿಗೆ ಹೋದಳೆಂದು ಯಾರೋ ಹೇಳಿದರು. ಊರು ಯಾವುದೆಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಹೋದ ತಿಂಗಳು ಹೂವಿನಾಕೆ ಕೌಂಟರಿಗೆ ಬಂದಳು.

"ಅಣ್ಣಾ, ಇಲ್ಲಿದ್ದೀರಾ? ನನಗೊಂದು ಒಳ್ಳೆ ಒಕ್ಕಣೆ ಬರೆದುಕೊಡಿ."

"ಬರಲ್ಲಮ್ಮ" ಎಂದು ಅವಳ ಪೊಟ್ಟಣವನ್ನು ತಕ್ಕಡಿಗಿಟ್ಟ. ಸುಳ್ಳಾಡಿದ್ದಲ್ಲ. ಮನೆಯಲ್ಲಿ ಎರಡು ಸಲ ಕೂತು ನೋಡಿದ್ದ, 'ಪ್ರಿಯರೇ' ಎಂಬುದರಿಂದ ಮುಂದೆ ಹೋಗಿರಲಿಲ್ಲ.