ಬೋರ್ಡಿನ ಒಂದೇ ಬದಿಯಲ್ಲಿ

ಮೂಡಲಪಾಳ್ಯದ ನಮ್ಮ ಮನೆಯಲ್ಲಿ ಕೆಳಗೆ ನನ್ನ ಓರಗಿತ್ತಿಯ ಸಂಸಾರ, ಮಹಡಿಯ ಮೇಲೆ ನಮ್ಮದು. ಅವರು ನನ್ನ ಗಂಡನ ಅಣ್ಣನ ಹೆಂಡತಿ, ನಾನು ಕರೆಯುವುದು ಅಕ್ಕ ಎಂದು. ಭಾನುವಾರ ಊಟವಾಗಿ ಗಂಡಸರು ಮಲಗಿದ ಮೇಲೆ ನಾವಿಬ್ಬರೂ ಅವರ ಹಾಲಿನಲ್ಲಿ ಚೆಸ್ ಬೋರ್ಡ್ ಹರಡಿಕೊಂಡು ಕೂರುವುದು ನಾನು ಮದುವೆಯಾಗಿ ಬಂದ ವರ್ಷದಿಂದಲೂ ನಡೆದುಬಂದದ್ದು. ಅಕ್ಕ ತವರಿನಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವರು. ಕುದುರೆ ಹೇಗೆ ನಡೆಯುತ್ತದೆ ಎನ್ನುವುದನ್ನೂ ನನಗೆ ಅವರೇ ಹೇಳಿಕೊಟ್ಟದ್ದು. ಆಡುತ್ತಾ ತಮ್ಮ ಸ್ಕೂಲಿನ ಸ್ಟಾಫ್ ರೂಮಿನ ಕಥೆ ತೆಗೆಯುತ್ತಿದ್ದರು. ಕಥೆ ಮುಗಿಯುವಷ್ಟರಲ್ಲಿ ನನ್ನ ಮಂತ್ರಿ ಬೋರ್ಡಿನ ಆಚೆ ಮಲಗಿರುತ್ತಿತ್ತು.

ಹೀಗೆ ವರ್ಷಗಟ್ಟಲೆ ಸೋತೆ. ನಲವತ್ತು ದಾಟಿದ ಮೇಲೆ ಒಂದು ದಿನ ಅನ್ನಿಸಿತು, ಅಡುಗೆಯಲ್ಲಿ, ಆಫೀಸಿನಲ್ಲಿ ಎಲ್ಲದರಲ್ಲೂ ಮೊದಲಿಗಿಂತ ಪರವಾಗಿಲ್ಲ, ಇದೊಂದರಲ್ಲಿ ಮಾತ್ರ ಇದ್ದಲ್ಲೇ ಇದ್ದೇನಲ್ಲ ಎಂದು. ಮಾರೇನಹಳ್ಳಿಯಲ್ಲಿ ಔಷಧಿ ಅಂಗಡಿಯ ಮೇಲೆ ಮಕ್ಕಳಿಗೆ ಚೆಸ್ ಕಲಿಸುವ ಮೇಷ್ಟ್ರೊಬ್ಬರಿದ್ದರು. ದೊಡ್ಡವರಿಗೂ ಕಲಿಸುತ್ತೀರಾ ಎಂದು ಕೇಳಿಕೊಂಡು ಅಲ್ಲಿಗೆ ಹೋದೆ.

ಮೇಷ್ಟ್ರು ನನಗಿಂತ ಚಿಕ್ಕ ವಯಸ್ಸಿನವರು. ಬೋರ್ಡಿನ ಮೇಲೆ ಕೆಲವು ಕಾಯಿ ಜೋಡಿಸಿ, ಬಿಳಿಯವರ ಆಟ, ನಡೆಸಿ ಎಂದರು. ತಕ್ಷಣ ಆನೆಯನ್ನು ಮುಂದಕ್ಕೆ ತಳ್ಳಿದೆ.

"ಯಾಕೆ ಅಂತ ಹೇಳಿ ಮೇಡಂ," ಎಂದರು.

ಕಂಡದ್ದು ಅದೊಂದೇ ಎಂದೆ. ಮೊದಲು ಎದುರಿನವರು ಏನು ಮಾಡಲು ಹೊರಟಿದ್ದಾರೆ ಎಂದು ನೋಡಬೇಕು, ಆಮೇಲೆ ನಿಮ್ಮ ನಡೆ, ಎಂದು ತಿಳಿಸಿದರು. ಆಟದ ಶುರುವನ್ನು ಬಾಯಿಪಾಠ ಮಾಡಿಸಲಿಲ್ಲ. ಕೊನೆಯಿಂದ ಕಲಿಸಿದರು: ಒಂದು ರಾಜ, ಒಂದು ಸಿಪಾಯಿ; ಆಮೇಲೆ ಆನೆಗಳು. ಮನೆಗೆ ಪಜಲ್ ಹಾಳೆಗಳನ್ನು ಕೊಟ್ಟರು. ಆಫೀಸಿಗೆಂದು ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಇಳಿಯುವವರೆಗೂ ನನ್ನ ಕೆಲಸ ಅದೇ. ಮೊದಮೊದಲು ಚೆಕ್ ಕೊಡುವ ನಡೆಗಳು ಮಾತ್ರ ಕಾಣುತ್ತಿದ್ದವು. ಬರಬರುತ್ತಾ ಸದ್ದಿಲ್ಲದೆ ಪಕ್ಕಕ್ಕೆ ಸರಿಯುವ ನಡೆಗಳೂ ಕಾಣತೊಡಗಿದವು.

ಕೆಲವು ತಿಂಗಳಾದ ಮೇಲೆ ಅಕ್ಕನ ವಿರುದ್ಧ ಮೊದಲ ಸಲ ಗೆದ್ದೆ. ಅಕ್ಕ ನಕ್ಕು, ಒಳಗೆ ಹೋಗಿ ಕಾಫಿ ಮಾಡಿ ತಂದರು. ಅಲ್ಲಿಂದಾಚೆಗೆ ಗೆಲುವು ಹೆಚ್ಚಾಗಿ ನನ್ನದೇ ಆಯಿತು. ಆದರೆ ಸ್ವಲ್ಪ ದಿನದಲ್ಲೇ ಒಂದು ಭಾನುವಾರ ಅಕ್ಕನಿಗೆ ಪೇಪರ್ ತಿದ್ದುವುದಿತ್ತು, ಮತ್ತೊಂದು ಭಾನುವಾರ ಬೆನ್ನು ನೋವು, ಇನ್ನೊಂದು ಸಲ ಯಾರದೋ ಗೃಹಪ್ರವೇಶ. ಸೋಲು ಅವರಿಗೆ ನೋವು ಮಾಡಿದೆ ಎಂದುಕೊಂಡು ಒಮ್ಮೆ ಬೇಕೆಂದೇ ಸೋತೆ. ಅಕ್ಕನಿಗೆ ಅದು ತಿಳಿಯದೆ ಹೋಗುತ್ತದೆಯೇ? ಬೋರ್ಡ್ ಮಡಚಿ ಬೀರುವಿನ ಮೇಲಿಟ್ಟುಬಿಟ್ಟರು.

ಮೇಷ್ಟ್ರು ಹೇಳಿದರೆಂದು ಕೆಂಗೇರಿಯ ಒಂದು ಸ್ಕೂಲಿನಲ್ಲಿ ನಡೆದ ಟೂರ್ನಮೆಂಟಿಗೆ ಹೆಸರು ಕೊಟ್ಟೆ. ಅವತ್ತು ಗಂಡನಿಗೆ ಬಿಡುವಿರಲಿಲ್ಲ. ಒಬ್ಬಳೇ ಯಾಕೆ ಹೋಗುತ್ತೀಯ, ನಾನು ಬರುತ್ತೇನೆ ಎಂದು ಅಕ್ಕನೇ ಹೊರಟರು. ಊಟಕ್ಕೆ ಮುಂಚಿನ ರೌಂಡಿನಲ್ಲಿ ನನ್ನ ಎದುರಿಗೆ ಕೂತವನು ಒಬ್ಬ ಕಾಲೇಜು ಹುಡುಗ. ನನಗೆ ಒಂದು ಆನೆ ಹೆಚ್ಚಿತ್ತು. ಅವನ ಕುದುರೆಗೆ ಕಾವಲಿಲ್ಲದ್ದು ಕಂಡು ನನ್ನ ಆನೆಯಿಂದ ಹೊಡೆದೆ. ನನ್ನ ರಾಜನ ಹಿಂದಿನ ಸಾಲನ್ನು ಕಾಯುತ್ತಿದ್ದದ್ದೇ ಆ ಆನೆ. ಅವನ ಆನೆ ನೇರ ಆ ಸಾಲಿಗೇ ಇಳಿಯಿತು. ನನ್ನ ಸಿಪಾಯಿಗಳೇ ಅಡ್ಡ ನಿಂತಿದ್ದರಿಂದ ರಾಜನಿಗೆ ಹೋಗಲು ಜಾಗವಿರಲಿಲ್ಲ. ಚೆಕ್‌ಮೇಟ್; ಗೆಲ್ಲಬೇಕಿದ್ದ ಆಟ ಕೈತಪ್ಪಿತು.

ಮೈದಾನದ ಅಂಚಿನ ಕಟ್ಟೆಯ ಮೇಲೆ ಕೂತು ಅಕ್ಕ ಚಿತ್ರಾನ್ನದ ಡಬ್ಬಿ ತೆಗೆದರು. ನೋಡುವವರಿಗೆಂದು ಕಟ್ಟಿದ್ದ ಹಗ್ಗದ ಆಚೆ ನಿಂತು ಪೂರ್ತಿ ಆಟ ನೋಡಿದ್ದರಂತೆ. ಆ ಆನೆಯನ್ನು ಯಾಕೆ ಎತ್ತಿದೆ ಎಂದು ಕೇಳಿದರು. ಕುದುರೆ ಸಿಕ್ಕಿತಲ್ಲ ಎಂದೆ. ನಾನೂ ಕೇಳಿದೆ, ನೀವು ಆಡೋದು ಯಾಕೆ ಬಿಟ್ರಿ ಎಂದು.

"ಸೋತಿದ್ದಕ್ಕೆ ಅಂದ್ಕೊಂಡ್ಯಾ? ಅಲ್ಲ ಕಣೇ," ಎಂದರು ಅಕ್ಕ. "ವಾರಕ್ಕೊಂದು ಸಲ ನಿನ್ ಜೊತೆ ಮಾತಾಡೋಕೆ ಸಿಗ್ತಿತ್ತು. ಈಗ ಎದುರಿಗೇ ಕೂತಿದ್ರೂ ನೀನು ಹೂಂ ಅಂತೀಯ, ಅಷ್ಟೇ. ನಂಗೆ ಯಾರ ಜೊತೆ ಆಡ್ತಾ ಇದೀನಿ ಅನ್ನೋದೇ ಗೊತ್ತಾಗಲ್ಲ."

ಮಧ್ಯಾಹ್ನ ಒಂದು ಆಟ ಗೆದ್ದೆ, ಒಂದನ್ನು ಡ್ರಾ ಮಾಡಿಕೊಂಡೆ.

ಮುಂದಿನ ಭಾನುವಾರ ಪಜಲ್ ಹಾಳೆ ಹಿಡಿದು ಕೆಳಗಿಳಿದೆ. ಬೋರ್ಡ್ ಇಳಿಸಿ, ಹಾಳೆಯಲ್ಲಿದ್ದಂತೆ ಕಾಯಿ ಜೋಡಿಸಿ, ಅಕ್ಕನ ಎದುರಿಗೆ ಕೂರುವ ಬದಲು ಪಕ್ಕದಲ್ಲೇ ಕೂತೆ. ಇದನ್ನ ಇಬ್ರೂ ಸೇರಿ ಬಿಡಿಸೋಣ ಅಕ್ಕ ಎಂದೆ. ಒಂಟೆಯನ್ನು ಇಲ್ಲಿಗೆ ತಂದರೆ ಹೇಗೆ ಎಂದು ಅವರು ಕೇಳಿದರೆ, ಯಾಕೆ ಆಗುವುದಿಲ್ಲವೆಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲು ಹೊರಟಾಗಲೇ ಎಷ್ಟೋ ಸಲ ನನ್ನ ಕಾರಣದಲ್ಲಿ ಹುರುಳಿಲ್ಲವೆಂದು ಗೊತ್ತಾಗುತ್ತಿತ್ತು. ಮಧ್ಯೆ ಮಧ್ಯೆ ಅವರ ಸ್ಕೂಲಿನ ಹೊಸ ಹೆಡ್ಮಿಸ್ಸಿನ ವಿಷಯವೂ ಬಂತು. ಆ ದಿನ ಬಿಡಿಸಿದ್ದು ಹೆಚ್ಚೇನಿಲ್ಲ, ಕತ್ತಲಾಗುವವರೆಗೂ ಏಳಲಿಲ್ಲ ಅಷ್ಟೇ.

ಈಗ ನಮ್ಮ ಭಾನುವಾರಗಳು ಹೀಗೇ. ನೀವು ಈಗ ಸ್ವಲ್ಪ ನಿಧಾನವಾಗಿದ್ದೀರಿ, ಒಳ್ಳೆಯದಾಯಿತು ಎಂದು ಮೇಷ್ಟ್ರು ಮೊನ್ನೆ ಹೇಳಿದರು. ಅಕ್ಕನನ್ನೂ ಕ್ಲಾಸಿಗೆ ಕರೆದೆ. ಆ ಅಂಗಡಿಯ ಮೆಟ್ಟಿಲು ಹತ್ತೋದು ನನ್ನ ಕೈಲಾಗಲ್ಲ ಎಂದರು. ಮೇಷ್ಟ್ರು ಕೊಟ್ಟ ಹಾಳೆಗಳನ್ನು ಮಾತ್ರ ನಾನು ಕೆಳಗೆ ಇಳಿಸುವುದನ್ನೇ ಕಾಯುತ್ತಿರುತ್ತಾರೆ. ಸದ್ಯಕ್ಕೆ ಆನೆ-ಸಿಪಾಯಿಗಳ ಕೊನೆಯಾಟದಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದೇವೆ.